ಅಟ್ಟ ಸೇರಿದ ಮರಬೆಕ್ಕು: ವಿಷ ಬೇಡ, ಕಿಂಡಿ ಮುಚ್ಚಿ

ಮಲೆನಾಡು, ಕರಾವಳಿ ಮತ್ತು ಕೊಡಗಿನ ಹೆಂಚಿನ ಮನೆಗಳಲ್ಲಿ ವಾಸಿಸುವ ರೈತಬಾಂಧವರಿಗೆ ರಾತ್ರಿ ವೇಳೆ ಅಟ್ಟದ ಮೇಲೆ ಕೇಳಿಬರುವ ಓಡಾಟದ ಸದ್ದು ಹೊಸದೇನಲ್ಲ. ಇಲಿಯ ಸದ್ದು ಕೆರೆದಂತೆ ಹಗುರವಾಗಿದ್ದರೆ, ಈ ಸದ್ದು ಯಾರೋ ಕಾಲೆಳೆದು ನಡೆದಂತೆ ಭಾರವಾಗಿರುತ್ತದೆ. ಬೆಳಗಾಗಿ ನೋಡಿದರೆ ಗೋಡೆಯ ತಲೆಯ ಮೇಲೋ ಅಂಗಳದ ಅಂಚಿನಲ್ಲೋ ಬಗನಿ ಬೀಜ, ಸೀಬೆ ಬೀಜ, ಕಾಫಿ ಬೀಜಗಳಿಂದ ತುಂಬಿದ ಹಿಕ್ಕೆ ಬಿದ್ದಿರುತ್ತದೆ. ಇದು ಮರಬೆಕ್ಕಿನ ಕೆಲಸ. ಇದನ್ನು ಕೆಲವೆಡೆ ಕೇರಬೆಕ್ಕು ಎಂದೂ, ಕೆಲವೆಡೆ ಕಬ್ಬೆಕ್ಕು ಎಂದೂ ಕರೆಯುವುದುಂಟು. ಬಯಲುಸೀಮೆಯ ತೋಟದ ಮನೆಗಳಲ್ಲಷ್ಟೇ ಅಲ್ಲ, ಬೆಂಗಳೂರಿನಂಥ ನಗರದಲ್ಲಿಯೂ ಈ ಪ್ರಾಣಿ ಸೂರು ಹುಡುಕಿಕೊಂಡು ಬರುತ್ತದೆ.

ಹೀಗೆ ಬಂದ ಮರಬೆಕ್ಕನ್ನು ಓಡಿಸಲು ನಮ್ಮಲ್ಲಿ ಹಲವರು ಹಿಡಿಯುವ ದಾರಿ ಬಾಳೆಹಣ್ಣಿನಲ್ಲಿಟ್ಟ ವಿಷ, ಇಲ್ಲವೇ ತಂತಿಯ ಉರುಳು. ಈ ಎರಡೂ ದಾರಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯ್ದೆಗೆ ಹೆದರಿ ಮಾತ್ರ ಈ ಮಾತನ್ನು ಹೇಳುತ್ತಿಲ್ಲ. ಬೇಸಾಯಗಾರನ ಲಾಭನಷ್ಟದ ಲೆಕ್ಕದಲ್ಲಿಯೇ ಇವು ತಪ್ಪು.

ಪ್ರಾಣಿಯ ಪರಿಚಯ

ಮರಬೆಕ್ಕು ಬೆಕ್ಕಿನ ಜಾತಿಯದಲ್ಲ, ಪುನುಗಿನ ಬೆಕ್ಕಿನ ಕುಟುಂಬಕ್ಕೆ ಸೇರಿದ್ದು. ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ. ಬಾಲವು ಹೆಚ್ಚುಕಡಿಮೆ ದೇಹದಷ್ಟೇ ಉದ್ದವಿರುತ್ತದೆ. ಹಗಲೆಲ್ಲ ಮರದ ಪೊಟರೆಯಲ್ಲೋ ಅಟ್ಟದಲ್ಲೋ ಮಲಗಿದ್ದು, ಕತ್ತಲಾದ ಮೇಲೆ ಒಂಟಿಯಾಗಿ ಆಹಾರಕ್ಕೆ ಹೊರಡುತ್ತದೆ. ಮಾವು, ಬಾಳೆ, ಸಪೋಟ, ಪರಂಗಿ, ಕಳಿತ ಕಾಫಿ ಹಣ್ಣು ಇದಕ್ಕೆ ಇಷ್ಟ. ಬಗನಿ ಮರಕ್ಕೆ ಕಟ್ಟಿದ ಮಡಕೆಯ ಕಳ್ಳನ್ನೂ ಬಿಡುವುದಿಲ್ಲ. ಇವುಗಳ ಜೊತೆಗೆ ಇಲಿ, ಬಸವನಹುಳು, ಕೀಟಗಳನ್ನೂ ತಿನ್ನುತ್ತದೆ. ಗೂಡು ಭದ್ರವಾಗಿಲ್ಲದಿದ್ದರೆ ಕೋಳಿಮರಿಗೂ ಬಾಯಿ ಹಾಕುತ್ತದೆ.

ಇದು ಮನೆಗೆ ಬರಲು ಕಾರಣ ಮೂರು: ಏರಲು ದಾರಿ, ಮಲಗಲು ಕತ್ತಲೆಯ ಜಾಗ, ಸಮೀಪದಲ್ಲೇ ಆಹಾರ. ಈ ಮೂರನ್ನೂ ಒದಗಿಸಿಕೊಟ್ಟಿರುವವರು ನಾವೇ. ಹಿಂದೆ ಅಟ್ಟವೆಂದರೆ ದಿನವೂ ಜನ ಹತ್ತಿ ಇಳಿಯುವ ಉಗ್ರಾಣವಾಗಿತ್ತು. ಸೌದೆ ಒಲೆಯ ಹೊಗೆ ಅಲ್ಲಿಗೆ ಏರುತ್ತಿತ್ತು. ಅಡುಗೆ ಅನಿಲ ಬಂದ ಮೇಲೆ ಹೊಗೆ ನಿಂತಿತು. ಭತ್ತ, ಅಡಿಕೆಗಳು ಬೇರೆ ಗೋದಾಮು ಸೇರಿದ ಮೇಲೆ ಅಟ್ಟ ಬರಿದಾಯಿತು. ಬರಿದಾದ ಅಟ್ಟವನ್ನು ಮರಬೆಕ್ಕು ದೊಡ್ಡ ಪೊಟರೆ ಎಂದೇ ತಿಳಿಯುತ್ತದೆ. ಹೀಗಿರುವಾಗ ಒಂದನ್ನು ಕೊಂದರೆ ಜಾಗ ತೆರವಾಯಿತೆಂದು ಇನ್ನೊಂದು ಬರುತ್ತದೆ, ಅಷ್ಟೆ. ದೂರ ಕೊಂಡೊಯ್ದು ಬಿಟ್ಟರೂ ಫಲ ಇದೇ.

ವಿಷವಿಟ್ಟರೆ ಯಾರಿಗೆ ನಷ್ಟ?

ಇಲಿಪಾಷಾಣವಾಗಿ ಬಳಸುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಉಂಟುಮಾಡುತ್ತದೆ. ಇದಕ್ಕೆ ಪ್ರತ್ಯೌಷಧವಿಲ್ಲ. ಆ ಬಾಳೆಹಣ್ಣನ್ನು ಮರಬೆಕ್ಕೇ ತಿನ್ನಬೇಕೆಂಬ ನಿಯಮವೂ ಇಲ್ಲ. ಮನೆಯ ನಾಯಿ ತಿನ್ನಬಹುದು, ಮೇಯಲು ಬಿಟ್ಟ ಕರು ತಿನ್ನಬಹುದು, ಅಂಗಳದಲ್ಲಿ ಆಡುವ ಮಗುವೂ ಕೈಗೆತ್ತಿಕೊಳ್ಳಬಹುದು. ಕೆಲವರು ಹಳೆಯ ಫೋರೇಟ್ ಹರಳುಗಳನ್ನು ಇದಕ್ಕಾಗಿಯೇ ಉಳಿಸಿಕೊಂಡಿರುವುದುಂಟು. ಈ ಕೀಟನಾಶಕವನ್ನು ನಮ್ಮ ದೇಶದಲ್ಲಿ 2020ರ ಕೊನೆಯಿಂದ ಪೂರ್ಣವಾಗಿ ನಿಷೇಧಿಸಲಾಗಿದೆ ಎಂಬುದನ್ನು ಅಂಥವರು ತಿಳಿದಿರಬೇಕು.

ಎರಡನೆಯದಾಗಿ, ಮರಬೆಕ್ಕು ಹಿಡಿದು ತಿನ್ನುವ ಇಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲಿ ಕಾಳನ್ನು ತಿನ್ನುವುದಲ್ಲದೆ ಮೂತ್ರದಿಂದ ಇಲಿಜ್ವರವನ್ನೂ ಹರಡುತ್ತದೆ. ಇಲಿಯ ಶತ್ರುವನ್ನು ನಾವೇ ಕೊಂದು ಆಮೇಲೆ ಇಲಿಪಾಷಾಣಕ್ಕೆ ಹಣ ಸುರಿಯುವುದು ಜಾಣತನವಲ್ಲ. ಹಣ್ಣು ತಿಂದು ಬೀಜವನ್ನು ದೂರದೂರಕ್ಕೆ ಬಿತ್ತುವ ಕೆಲಸವನ್ನೂ ಈ ಪ್ರಾಣಿ ಮಾಡುತ್ತದೆ. ತೋಟದ ಅಂಚಿನಲ್ಲಿ ಯಾರೂ ನೆಡದ ಬಗನಿ ಮರಗಳು ತಾವಾಗಿ ಎದ್ದಿದ್ದರೆ ಅದರಲ್ಲಿ ಮರಬೆಕ್ಕಿನ ಪಾಲಿದೆ.

ಮೂರನೆಯದು ಕಾಯ್ದೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮರಬೆಕ್ಕು ರಕ್ಷಿತ ಪ್ರಾಣಿ. ಗುಂಡು ಹಾರಿಸುವುದು ಮಾತ್ರ ಬೇಟೆಯಲ್ಲ. ವಿಷವಿಡುವುದು, ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು ಇವೆಲ್ಲವೂ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ ಆಗುತ್ತವೆ. ಅಲ್ಲದೆ ಉರುಳಿಗೆ ಕಣ್ಣಿಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕಂದು ಮರಬೆಕ್ಕು, ಅಳಿವಿನ ಅಂಚಿಗೆ ಬಂದಿರುವ ಮಲಬಾರ್ ಪುನುಗುಬೆಕ್ಕು ಇವು ಅದೇ ದಾರಿಯಲ್ಲಿ ಬಂದರೂ ಅದು ಬಿಡುವುದಿಲ್ಲ.

ಅಟ್ಟವನ್ನು ಭದ್ರಪಡಿಸುವ ಕ್ರಮ

ಹಾಗಾದರೆ ಸುಮ್ಮನಿರಬೇಕೇ? ಖಂಡಿತ ಬೇಡ. ಅಟ್ಟದಲ್ಲಿ ಹಿಕ್ಕೆ, ಮೂತ್ರದ ವಾಸನೆ, ಸರಿದ ಹೆಂಚು, ಮಳೆಗಾಲದಲ್ಲಿ ಸೋರುವ ಮಾಡು ಇವನ್ನು ಯಾರೂ ಸಹಿಸಬೇಕಾಗಿಲ್ಲ. ಆದರೆ ಇದು ಸುತ್ತಿಗೆ, ಮೊಳೆ, ಕತ್ತಿಯಿಂದ ಆಗುವ ಕೆಲಸ. ಅದನ್ನು ಈ ಕ್ರಮದಲ್ಲಿ ಮಾಡುವುದು ಒಳ್ಳೆಯದು.

ಮೊದಲು ಪ್ರಾಣಿ ಬರುವ ದಾರಿಯನ್ನು ಪತ್ತೆ ಮಾಡಿ. ಸಂಜೆ ಅಟ್ಟದ ಮೇಲೆ ಸಂದುಗಳ ಬಳಿ ಒಲೆಯ ಬೂದಿಯನ್ನು ತೆಳುವಾಗಿ ಹರಡಿ, ಬೆಳಿಗ್ಗೆ ನೋಡಿ. ಸಾಕುಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳಿನ ಗುರುತಿದ್ದರೆ ಮರಬೆಕ್ಕಿನದರಲ್ಲಿ ಐದಿರುತ್ತವೆ.

ಎರಡನೆಯದಾಗಿ, ಮರಿಗಳಿವೆಯೇ ಎಂದು ಹಗಲಿನಲ್ಲಿ ಬ್ಯಾಟರಿ ಬೆಳಕು ಹಾಯಿಸಿ ಎಚ್ಚರದಿಂದ ನೋಡಿ. ಮರಬೆಕ್ಕು ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕಬಹುದು. ತಾಯಿಯನ್ನು ಹೊರಗಿಟ್ಟು ಕಿಂಡಿ ಮುಚ್ಚಿದರೆ ಮರಿಗಳು ಒಳಗೆ ಸತ್ತು ಕೊಳೆಯುತ್ತವೆ. ತಾಯಿಯೋ ಹೆಂಚು ಕಿತ್ತು ಒಳನುಗ್ಗಲು ನೋಡುತ್ತದೆ. ಮರಿಗಳಿದ್ದರೆ ಅವು ತಾಯಿಯ ಹಿಂದೆ ಓಡಾಡುವವರೆಗೆ ಕೆಲವು ವಾರ ಕಾಯುವುದೇ ಲೇಸು. ಈ ಅವಧಿಯಲ್ಲಿ ಅಟ್ಟದಲ್ಲಿ ರಾತ್ರಿಹಗಲು ಒಂದು ದೀಪ ಉರಿಯಲಿ. ಜನರೂ ಆಗಾಗ್ಗೆ ಹತ್ತಿ ಇಳಿಯುತ್ತಿರಲಿ. ಕತ್ತಲೆಯೂ ನೆಮ್ಮದಿಯೂ ಕೆಟ್ಟಾಗ ತಾಯಿಯೇ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗುವ ಸಾಧ್ಯತೆಯಿದೆ.

ಮೂರನೆಯದಾಗಿ, ಒಂದನ್ನು ಬಿಟ್ಟು ಉಳಿದೆಲ್ಲ ಸಂದುಗಳನ್ನು ಹಗಲಿನಲ್ಲೇ ಮುಚ್ಚಿ. ಸೂರಿನಂಚು ಮತ್ತು ಗೋಡೆಯ ನಡುವಿನ ತೆರವಿಗೆ ಒಂದಂಗುಲ ಕಣ್ಣಿನ ಬೆಸುಗೆ ಹಾಕಿದ ತಂತಿಬಲೆಯನ್ನು ಮರದ ಪಟ್ಟಿ ಕೊಟ್ಟು ಮೊಳೆ ಹೊಡೆಯಿರಿ. ಹೀಗೆ ಮಾಡಿದರೆ ಗಾಳಿಗೂ ಅಡ್ಡಿಯಿಲ್ಲ. ಪ್ಲಾಸ್ಟಿಕ್ ಬಲೆ, ಗೋಣಿ, ಹುಲ್ಲು ಇವು ನಿಲ್ಲುವುದಿಲ್ಲ. ಒಡೆದ ಹೆಂಚುಗಳನ್ನು ಬದಲಿಸಿ. ನಾಲ್ಕು ಬೆರಳಗಲದ ಸಂದನ್ನೂ ಬಿಡಬೇಡಿ. ಕತ್ತಲಾಗಿ ಪ್ರಾಣಿ ಹೊರಹೋದದ್ದನ್ನು ಕಂಡ ಮೇಲೆ ಕೊನೆಯ ಕಿಂಡಿಯನ್ನೂ ಮುಚ್ಚಿ. ಮುಂದಿನ ಎರಡು ರಾತ್ರಿ ಒಳಗೆ ಸದ್ದಿಲ್ಲದಿದ್ದರೆ ಕೆಲಸ ಮುಗಿಯಿತು. ಸದ್ದಿದ್ದರೆ ಕಿಂಡಿ ತೆರೆದು ಮತ್ತೆ ಇದೇ ಕ್ರಮ ಅನುಸರಿಸಿ.

ನಾಲ್ಕನೆಯದಾಗಿ, ಮಾಡಿಗೆ ಚಾಚಿದ ಕೊಂಬೆಗಳನ್ನು ಆರೇಳು ಅಡಿ ದೂರಕ್ಕೆ ಸವರಿ. ಗೋಡೆ ಹಿಡಿದು ಮಾಡು ಮುಟ್ಟಿದ ಬಳ್ಳಿಗಳನ್ನು ಇಳಿಸಿ. ಒಂಟಿಯಾಗಿ ನಿಂತ ತೆಂಗು, ಪರಂಗಿಗಳಿಗೆ ಇಲಿ ತಡೆಯಲು ಕಟ್ಟುವಂತೆ ತಗಡಿನ ಪಟ್ಟಿ ಕಟ್ಟಬಹುದು. ಆದರೆ ಇದಕ್ಕೆ ಎರಡಡಿ ಅಗಲದ ತಗಡು ಬೇಕು.

ನುಸಿಗುಳಿಗೆ, ಮೆಣಸಿನ ಹೊಗೆಗಳನ್ನು ನಂಬಿ ಕೂರಬೇಡಿ. ಇವುಗಳ ಪ್ರಭಾವ ಕೆಲವು ದಿನ ಮಾತ್ರ. ಅದರಲ್ಲೂ ನುಸಿಗುಳಿಗೆಯ ಆವಿ ಕೆಳಗೆ ಮಲಗುವ ಕೂಸುಗಳಿಗೆ ಒಳ್ಳೆಯದಲ್ಲ.

ತೋಟದ ಶಿಸ್ತೂ ಬೇಕು

ಕಿಂಡಿ ಮುಚ್ಚಿ, ಆಹಾರವನ್ನು ಹಾಗೆಯೇ ಬಿಟ್ಟರೆ ಪ್ರಾಣಿ ಕೊಟ್ಟಿಗೆಯ ಮಾಡನ್ನೋ ಪಕ್ಕದವರ ಅಟ್ಟವನ್ನೋ ಹುಡುಕಿಕೊಳ್ಳುತ್ತದೆ. ಬಿದ್ದ ಮಾವು, ಸೀಬೆ ಹಣ್ಣುಗಳನ್ನು ದಿನವೂ ಆಯ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಇದರಿಂದ ಹಣ್ಣಿನ ನೊಣದ ಹಾವಳಿಯೂ ತಗ್ಗುತ್ತದೆ. ಬಿದ್ದ ಹಣ್ಣಿನೊಳಗಿನ ಮರಿಹುಳುಗಳೇ ಮಣ್ಣು ಸೇರಿ ಕೋಶವಾಗಿ, ಮುಂದಿನ ಪೀಳಿಗೆಯ ನೊಣಗಳಾಗುತ್ತವೆ ಎಂಬುದು ಬಲ್ಲವರಿಗೆ ಗೊತ್ತು. ಒಂದೇ ಕೂಲಿಗೆ ಎರಡು ಲಾಭ.

ಸಪೋಟ ಬೆಳೆಗಾರರು ಕೇಳುವ ಪ್ರಶ್ನೆಯೊಂದಿದೆ: ಮರದ ಮೇಲೆಯೇ ತಿಂದರೆ ಏನು ಮಾಡುವುದು? ನಷ್ಟವಾಗುವುದು ನಿಜ. ಆದರೆ ಮರಬೆಕ್ಕು ಆರಿಸುವುದು ಮರದಲ್ಲೇ ಹಣ್ಣಾದುದನ್ನು. ಸಪೋಟವಾಗಲಿ ಬಾಳೆಯಾಗಲಿ ಬಲಿತೊಡನೆ ಕೊಯ್ದು ಮನೆಯಲ್ಲಿ ಹಣ್ಣು ಮಾಡತಕ್ಕ ಬೆಳೆಗಳು. ಸಕಾಲದ ಕೊಯ್ಲಿನಿಂದ ನಷ್ಟದ ಬಹುಪಾಲು ತಪ್ಪುತ್ತದೆ. ಉಳಿದ ನಾಲ್ಕಾರು ಹಣ್ಣುಗಳನ್ನು ಇಲಿ ಹಿಡಿದುದಕ್ಕೆ ಕೊಟ್ಟ ಕೂಲಿ ಎಂದು ತಿಳಿಯುವುದು ಮೇಲು. ಕೋಳಿಗೂಡಿಗೆ ಅರ್ಧ ಅಂಗುಲದ ಬಲೆ ಹಾಕಿ, ಸೂರ್ಯ ಮುಳುಗುವ ಮೊದಲೇ ಅಗಳಿ ಹಾಕುವ ರೂಢಿ ಇಟ್ಟುಕೊಳ್ಳಿ. ಸಾಕುಪ್ರಾಣಿಗಳಿಗೆ ಹಾಕಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ.

ಮರಬೆಕ್ಕನ್ನು ಎಂದಿಗೂ ಮೂಲೆಗೊತ್ತಿ ಕೈಯಿಂದ ಹಿಡಿಯಲು ಹೋಗಬೇಡಿ. ಆಕಸ್ಮಾತ್ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಪ್ರಾಣಿ ಗಾಯಗೊಂಡಿದ್ದರೆ, ಅಥವಾ ಏನು ಮಾಡಿದರೂ ಹೊರಹೋಗದಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ.

ಒಂದು ಮನೆಯ ಅಟ್ಟಕ್ಕೆ ಬೇಕಾಗುವ ಬಲೆ, ಮೊಳೆ, ಹೆಂಚುಗಳಿಗೆ ಆಗುವ ಖರ್ಚು ದೊಡ್ಡದಲ್ಲ. ಒಮ್ಮೆ ಸರಿಯಾಗಿ ಮಾಡಿದ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ. ವಿಷವಾದರೋ ಪ್ರತಿ ಬಾರಿಯೂ ಇಡಬೇಕು, ಪ್ರತಿ ಬಾರಿಯೂ ಮನೆಮಂದಿಗೆಲ್ಲ ಅಪಾಯ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ ವಾಡಿಕೆ ನಮ್ಮಲ್ಲಿ ಇದ್ದೇ ಇದೆ. ಈ ಬಾರಿ ಏಣಿ ಹಾಕಿದಾಗ ಒಂದು ಸುರುಳಿ ತಂತಿಬಲೆಯನ್ನೂ ಜೊತೆಗೆ ಒಯ್ಯಿರಿ.