ರಟ್ಟಿನ ಮನೆ, ನಾಲ್ಕು ಹುಣಸೆ ಬೀಜ

ಮೇ ತಿಂಗಳ ಹೈದರಾಬಾದಿನಲ್ಲಿ ಸಂಜೆ ಐದೂವರೆಗೆ ಮುಂಚೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ನನಗೋ ಒಂದರ ಹಿಂದೆ ಒಂದು ಮೀಟಿಂಗ್. ಏಳು ವರ್ಷದ ಮಗನ ಕೈಗೆ ಮೊಬೈಲ್ ಕೊಟ್ಟು ಕೂರಿಸುವುದು ಸುಲಭ; ಎಷ್ಟೋ ದಿನ ಅದನ್ನೇ ಮಾಡಿದ್ದೇನೆ. ಈ ಸಲ ಅಮ್ಮ ಊರಿನಿಂದ ಹೊಸ ಹುಣಸೆಹಣ್ಣು ಕಳಿಸಿದ್ದರು. ಭಾನುವಾರ ಅದನ್ನು ಬಿಡಿಸುತ್ತಾ ಕೂತಾಗ ಬೀಜ ಬಿಸಾಡಲು ಮನಸ್ಸಾಗಲಿಲ್ಲ. "ಚೌಕಾಬಾರಾ ಆಡೋಣ್ವಾ?" ಎಂದೆ. "ವಾಟ್ ಈಸ್ ದಟ್?" ಎಂದ. ಮನೆಯಲ್ಲಿ ನಾವು ಕನ್ನಡದಲ್ಲೇ ಮಾತಾಡಿದರೂ ಅವನ ಉತ್ತರ ಬರುವುದು ಇಂಗ್ಲಿಷಿನಲ್ಲೇ.

ಬೇಕಾದದ್ದು ಇಷ್ಟೇ: ಪಾರ್ಸೆಲ್ ಬಂದ ರಟ್ಟಿನ ಡಬ್ಬಿ, ಸ್ಕೆಚ್ ಪೆನ್ನು, ನಾಲ್ಕು ಹುಣಸೆ ಬೀಜ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಗುಂಡಿ, ಕಡಲೆಕಾಳು, ಏನಾದರೂ ಆದೀತು. ರಟ್ಟಿನ ಮೇಲೆ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ಗೆರೆ ಮಕ್ಕಳೇ ಎಳೆಯಲಿ, ಸೊಟ್ಟಗಾದರೆ ಆಟಕ್ಕೇನೂ ತೊಂದರೆಯಿಲ್ಲ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಹಾಕಿ. ಬೀಜದ ಒಂದು ಮಗ್ಗುಲನ್ನು ಬಾಲ್ಕನಿಯ ಸಿಮೆಂಟಿಗೆ ಬಿಳಿ ಕಾಣುವವರೆಗೆ ಉಜ್ಜಿ. ಬಿಸಿಯಾದ ಬೀಜವನ್ನು ಅಪ್ಪನ ಕೈಗೆ ಚುರುಕ್ಕೆನಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ! ತೀರಾ ಚಿಕ್ಕ ಮಕ್ಕಳಿದ್ದರೆ ಮಾತ್ರ ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, 4. ನಾಲ್ಕೂ ಕಪ್ಪಾದರೆ ಬಾರ, 8. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ತನ್ನ ಬದಿಯ ನಡುಮನೆಯಿಂದ ಹೊರಟ ಕಾಯಿ ಹೊರಸುತ್ತನ್ನು ಅಪ್ರದಕ್ಷಿಣೆಯಾಗಿ, ಒಳಸುತ್ತನ್ನು ಪ್ರದಕ್ಷಿಣೆಯಾಗಿ ದಾಟಿ ಮಧ್ಯಕ್ಕೆ ಸೇರಿದರೆ ಹಣ್ಣು. ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮದು ಬಂದರೆ ಅದು ಸತ್ತು ಹೊರಟಲ್ಲಿಗೇ ವಾಪಸ್. ಅಡ್ಡಗೆರೆಯ ಮನೆಯಲ್ಲಿದ್ದರೆ ಬಚಾವ್. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ.

ಇದು ಬರೀ ಅಜ್ಜಿಯರ ಮಧ್ಯಾಹ್ನದ ಆಟವಲ್ಲ. ಹಂಪಿಯ ಹಾಸುಗಲ್ಲುಗಳ ಮೇಲೆ ಕೆತ್ತಿದ ಆಟದ ಮನೆಗಳನ್ನು ಈಗಲೂ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಮುಳುಗಿ ತಾವೇ ಹೊಸ ಆಟಗಳನ್ನು ಕಟ್ಟಿದ್ದರು.

ಎರಡನೇ ದಿನ ಎದುರು ಫ್ಲಾಟಿನ ಹುಡುಗಿ ಬಂದು ನೋಡಿ, "ಇದು ಅಷ್ಟಾಚಮ್ಮಾ ಅಲ್ವಾ!" ಎಂದಳು, ತೆಲುಗಿನಲ್ಲಿ. ನಮ್ಮ ಬಾರ ಅವರಿಗೆ ಅಷ್ಟ, ನಮ್ಮ ಚೌಕ ಅವರಿಗೆ ಚಮ್ಮ. ಅವರ ಮನೆಯಲ್ಲಿ ಕಾಯಿ ಹೊಡೆಯದೆಯೂ ಒಳಗೆ ಹೋಗಬಹುದಂತೆ. ಜಗಳ ಶುರುವಾಯಿತು. ಪಂಚಾಯ್ತಿ ಮಾಡಲು ನಾನು ಏಳುವಷ್ಟರಲ್ಲಿ ಲ್ಯಾಪ್‌ಟಾಪ್ ಕರೆಯಿತು. ಮೀಟಿಂಗ್ ಮುಗಿಸಿ ಬಂದರೆ ಒಪ್ಪಂದ ಆಗಿಹೋಗಿತ್ತು: ಇವತ್ತು ನಮ್ಮ ನಿಯಮ, ನಾಳೆ ಅವರದ್ದು.

ಅವತ್ತು ಮಗ ಸೋತ. ಕಾಯಿಗಳನ್ನೆಲ್ಲ ಎರಚಿ, ಅಳುತ್ತಾ ಎದ್ದುಹೋದ. ಮೊಬೈಲಿನಲ್ಲಿ ಸೋತರೆ ಮತ್ತೆ ಒತ್ತಿದರಾಯಿತು. ಇಲ್ಲಿ ಹೊಡೆದವಳು ಎದುರಿಗೇ ಕೂತು ನಗುತ್ತಾಳೆ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಮರುದಿನ ಮಧ್ಯಾಹ್ನ ಸೋಫಾದ ಕೆಳಗೆ ತೂರಿ ಕಡಲೆಕಾಳು ಹುಡುಕಿ ತಂದವನು ಅವನೇ.

ಶುಕ್ರವಾರ ನಾನು ಕಾಲ್‌ನಲ್ಲಿದ್ದೆ. ಹೆಡ್‌ಫೋನ್ ದಾಟಿ ಹಾಲ್‌ನಿಂದ ಕಿರುಚಾಟ ಕೇಳಿಸಿತು: "ಅಪ್ಪಾ, ನನ್ನ ಕಾಯಿ ಹಣ್ಣಾಯ್ತು!"

ಮ್ಯೂಟ್ ಮಾಡುವುದು ಮರೆತಿತ್ತು. ತಂಡದವರೆಲ್ಲ ನಕ್ಕರು. ನಾನೂ ನಕ್ಕೆ, "ಐದು ನಿಮಿಷ" ಎಂದು ಹೇಳಿ ಎದ್ದುಹೋದೆ.

ಮುಂದಿನ ಸಲ ಮೊಟ್ಟೆಯ ಟ್ರೇನಲ್ಲಿ ಅಳಗುಳಿಮಣೆ ಮಾಡೋಣ. ಅಷ್ಟರಲ್ಲಿ ನಿಮ್ಮ ಊರಿನ ಚೌಕಾಬಾರಾ ನಿಯಮ ಬರೆದು ಕಳಿಸಿ. ನಮ್ಮ ಮನೆಯ ಜಗಳಕ್ಕೆ ಬೇಕು.