ಗೆಲ್ಲುವವರಿಗಷ್ಟೇ ಬೇಕಾದ ಜನಮತ

ಕಾಶ್ಮೀರದ ಮಾತು ಬಂದು ‘ಜನಮತಗಣನೆ’ ಎಂಬ ಪದ ಬಿದ್ದ ಕೂಡಲೇ ನಮ್ಮಲ್ಲಿ ಇಬ್ಬರು ಎದ್ದು ನಿಲ್ಲುತ್ತಾರೆ. ಒಬ್ಬನಿಗೆ ಅದು ದೇಶದ್ರೋಹ. ಇನ್ನೊಬ್ಬನಿಗೆ ಭಾರತ ಮುರಿದ ವಚನ, ಅಷ್ಟೇ. ಇಬ್ಬರೂ ಇತಿಹಾಸದ ಅರ್ಧ ಹಾಳೆ ಓದಿದವರು.

ಮೊದಲನೆಯವನಿಗೆ ಒಂದು ಮಾತು. ಜನರನ್ನು ಕೇಳಬೇಕೆಂಬುದು ಶತ್ರುಗಳು ಹುಟ್ಟಿಸಿದ ಬೇಡಿಕೆಯಲ್ಲ. 1947ರ ಅಕ್ಟೋಬರ್ 27ರಂದು ಹರಿಸಿಂಗನ ವಿಲೀನವನ್ನು ಒಪ್ಪಿಕೊಳ್ಳುತ್ತ ಮೌಂಟ್‌ಬ್ಯಾಟನ್ ಬರೆದ ಕಾಗದದಲ್ಲೇ ಅದು ಇತ್ತು: ದಾಳಿಕೋರರು ತೊಲಗಿ ಶಾಂತಿ ನೆಲೆಸಿದ ಮೇಲೆ ಜನರ ಅಭಿಪ್ರಾಯ ಪಡೆಯಲಾಗುವುದು. ನವೆಂಬರ್ 2ರಂದು ನೆಹರೂ ರೇಡಿಯೋದಲ್ಲಿ ಅದನ್ನೇ ಸಾರಿದರು. ಅದು ನೆಹರೂ ಮಾಡಿದ ತಪ್ಪು ಎನ್ನುವವರು ಜುನಾಗಢವನ್ನು ನೋಡಲಿ. ಅಲ್ಲಿ ಮುಸ್ಲಿಂ ನವಾಬ ಪಾಕಿಸ್ತಾನಕ್ಕೆ ಸಹಿ ಹಾಕಿದ. ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು. ರಾಜನ ಸಹಿ ಸಾಲದು, ಪ್ರಜೆಗಳನ್ನು ಕೇಳಬೇಕು ಎಂದಿತು ಭಾರತ. 1948ರ ಫೆಬ್ರವರಿಯಲ್ಲಿ ಮತದಾನ ನಡೆದೇಹೋಯಿತು. ಪಾಕಿಸ್ತಾನಕ್ಕೆ ಬಿದ್ದ ಮತ ಬರೀ 91. ಅಲ್ಲಿ ನವಾಬನ ಸಹಿಯೇ ಸಾಕೆಂದ ಪಾಕಿಸ್ತಾನ, ಕಾಶ್ಮೀರದಲ್ಲಿ ಮಹಾರಾಜನ ಸಹಿಗೆ ಬೆಲೆಯಿಲ್ಲ ಎಂದಿತು. ಗೆಲುವು ಖಚಿತವಿದ್ದಲ್ಲಿ ಜನಮತ, ಇಲ್ಲದಲ್ಲಿ ರಾಜಮುದ್ರೆ: ಇಬ್ಬರದೂ ಒಂದೇ ನೀತಿ.

ಇನ್ನು ಎರಡನೆಯವನಿಗೆ. ವಿಶ್ವಸಂಸ್ಥೆಯ ನಿರ್ಣಯ ಎಂದು ಎದೆ ತಟ್ಟುವ ಮೊದಲು ಅದನ್ನು ಕೊನೆಯವರೆಗೆ ಓದಬೇಕು. 1948ರ ಆಗಸ್ಟ್ 13ರ ನಿರ್ಣಯದ ಪ್ರಕಾರ ಮೊದಲು ಹೊರಡಬೇಕಾದದ್ದು ಪಾಕಿಸ್ತಾನದ ಪಡೆಗಳು, ಬಳಿಕ ಭಾರತ ತನ್ನ ಸೈನ್ಯದ ಬಹುಭಾಗವನ್ನು ಹಿಂದೆ ಕರೆಸಬೇಕು, ಜನಮತ ಆಮೇಲೆ. ಮೊದಲ ಮೆಟ್ಟಿಲನ್ನೇ ಹತ್ತದೆ ಮೂರನೆಯದರ ಮೇಲೆ ನಿಂತು ಕೂಗಿದ್ದು ಪಾಕಿಸ್ತಾನ. ಅದರ ಹಿಡಿತದಲ್ಲಿರುವ ಕಾಶ್ಮೀರದ 1974ರ ಸಂವಿಧಾನವಂತೂ ಪಾಕಿಸ್ತಾನದೊಂದಿಗಿನ ವಿಲೀನದ ವಿರುದ್ಧ ಪ್ರಚಾರ ಮಾಡುವುದನ್ನೇ ನಿಷೇಧಿಸುತ್ತದೆ. ಉತ್ತರವನ್ನು ಮೊದಲೇ ಬರೆಸಿಕೊಂಡು ಪ್ರಶ್ನೆ ಕೇಳುವ ಜನಮತ ಎಂಥದ್ದು?

ಹಾಗಂತ ನಮ್ಮ ಕೈ ಶುದ್ಧವಲ್ಲ. 1953ರ ಆಗಸ್ಟ್ 9ರಂದು ಷೇಖ್ ಅಬ್ದುಲ್ಲಾ ಜೈಲಿಗೆ. ಹನ್ನೊಂದೇ ದಿನದಲ್ಲಿ, ಜನಮತದ ಆಡಳಿತಾಧಿಕಾರಿಯನ್ನು ಮುಂದಿನ ಏಪ್ರಿಲ್ ಒಳಗೆ ನೇಮಿಸುತ್ತೇವೆ ಎಂದು ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಬೋಗ್ರಾ ಅವರ ಜಂಟಿ ಹೇಳಿಕೆ! ಭಾರತದ ಪರ ಮತ ಕೇಳಬಲ್ಲ ದೊಡ್ಡ ನಾಯಕನನ್ನು ಒಳಗಿಟ್ಟು ಮತದಾನದ ಮಾತು. ಪಾಕಿಸ್ತಾನಕ್ಕೆ ಅಮೆರಿಕದ ಶಸ್ತ್ರಾಸ್ತ್ರ ಬರುವುದೆಂದಾದಾಗ ಸನ್ನಿವೇಶ ಬದಲಾಯಿತು ಎಂದರು ನೆಹರೂ. ಆಮೇಲೆ, ಅಲ್ಲಿನ ಸಂವಿಧಾನ ಸಭೆ ವಿಲೀನವನ್ನು ಒಪ್ಪಿದೆಯಲ್ಲ, ಅದೇ ಜನಮತ ಎಂಬ ವಾದ ಹುಟ್ಟಿತು. ಆ ಸಭೆಯ 75 ಸ್ಥಾನಗಳೂ ಒಂದೇ ಪಕ್ಷದವು, ಬಹುತೇಕ ಅವಿರೋಧ ಆಯ್ಕೆ.

1955ರಲ್ಲಿ ಷೇಖರ ಆಪ್ತ ಮಿರ್ಜಾ ಅಫ್ಜಲ್ ಬೇಗ್ ‘ಜನಮತ ರಂಗ’ ಕಟ್ಟಿದರು. ಇಪ್ಪತ್ತು ವರ್ಷ ಜನ ಅದರ ಬಾವುಟ ಹಿಡಿದರು, ಜೈಲು ಕಂಡರು. 1975ರಲ್ಲಿ ಇಂದಿರಾ ಜೊತೆ ಒಪ್ಪಂದವಾಗಿ ಷೇಖ್ ಮುಖ್ಯಮಂತ್ರಿಯಾದರು, ರಂಗ ವಿಸರ್ಜನೆಯಾಯಿತು. ಘೋಷಣೆಯನ್ನು ಕೈಬಿಡುವಾಗಲೂ ಅದನ್ನು ಕೂಗಿದವರ ಮತವನ್ನು ಯಾರೂ ಕೇಳಲಿಲ್ಲ.

1948ರ ಆ ಸೂತ್ರ ಇಂದು ನಡೆಯುವಂಥದ್ದಲ್ಲ. ಅದರಲ್ಲಿದ್ದದ್ದು ಭಾರತ, ಪಾಕಿಸ್ತಾನ ಎಂಬ ಎರಡೇ ಪೆಟ್ಟಿಗೆ. ಸ್ವತಂತ್ರವಾಗಿರುತ್ತೇವೆ ಎನ್ನುವವನಿಗೆ ಮೂರನೆಯದಿಲ್ಲ. ಮತದಾರರ ಪಟ್ಟಿ ಬರೆಯುವವರಾದರೂ ಯಾರು? 1990ರಲ್ಲಿ ಕಣಿವೆ ತೊರೆಯಬೇಕಾಗಿ ಬಂದ ಪಂಡಿತರು ಅದರಲ್ಲಿರುತ್ತಾರೆಯೇ? ಜಮ್ಮು, ಲಡಾಖ್, ಕಣಿವೆಗಳನ್ನು ಒಂದೇ ಧ್ವನಿಯಾಗಿ ಎಣಿಸುವುದು ಹೇಗೆ?

ಸೂತ್ರ ಸತ್ತಿತೆಂದು ಪ್ರಶ್ನೆ ಸಾಯುವುದಿಲ್ಲ. 2019ರಲ್ಲಿ 370ನೇ ವಿಧಿಯನ್ನು ತೆಗೆದಾಗ ಅಲ್ಲಿ ವಿಧಾನಸಭೆಯೇ ಇರಲಿಲ್ಲ. ಮೂವರು ಮಾಜಿ ಮುಖ್ಯಮಂತ್ರಿಗಳು ಬಂಧನದಲ್ಲಿದ್ದರು. ನಿರ್ಧಾರ ಸರಿಯೋ ತಪ್ಪೋ, ಕೇಳದೆ ಮಾಡುವ ರೂಢಿಯಂತೂ ಹಳೆಯದೇ. ನೆಲದ ನಕ್ಷೆ ಬಿಡಿಸಲು ಎಲ್ಲರೂ ಮುಂದು. ಆ ನೆಲದ ಮೇಲಿರುವವನ ಬಾಗಿಲು ತಟ್ಟಿ, ‘ನೀನು ಏನಂತೀಯಪ್ಪಾ?’ ಎಂದು ಕೇಳಲು, ಸೋಲಿಗೂ ಸಿದ್ಧವಿರುವ ಎದೆಗಾರಿಕೆ ಬೇಕು. ಎಪ್ಪತ್ತು ವರ್ಷ ದಾಟಿದರೂ ಅದು ದೆಹಲಿಯಲ್ಲೂ ಇಲ್ಲ, ಇಸ್ಲಾಮಾಬಾದಿನಲ್ಲೂ ಇಲ್ಲ.