ಕೀಲಿಮಣೆ ಮೂಕವಾದಾಗ

ಮಾನ್ವಿಯ ಓದುಗರೊಬ್ಬರು ಬರೆದಿದ್ದಾರೆ: ಮಗಳ ವ್ಯಾಸಂಗಕ್ಕೆಂದು ರಾಯಚೂರಿನಿಂದ ತಂದ ಹಳೆಯ ಗಣಕಯಂತ್ರದಲ್ಲಿ ಲಿನಕ್ಸ್ ಇದೆ. ತೆರೆ ಬೆಳಗುತ್ತದೆ, ಮೌಸ್ ಚಲಿಸುತ್ತದೆ, ಕೀಲಿಮಣೆ ಮಾತ್ರ ಒಂದಕ್ಷರವನ್ನೂ ಮೂಡಿಸದು. ಅರ್ಜಿಯ ಕಡೆಯ ದಿನ ಸಮೀಪಿಸಿದೆ, ಲಿನಕ್ಸನ್ನೇ ತೆಗೆಸಿಬಿಡಲೆ?

ಅವಸರ ಬೇಡ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶ ಇಂದು ಕೇರಳದ ಸರಕಾರಿ ಶಾಲೆಗಳಲ್ಲಿ ಬಳಕೆಯಲ್ಲಿದೆ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಸಾಧಾರಣ ಕೀಲಿಮಣೆಯನ್ನು ಗುರುತಿಸುವ ಶಕ್ತಿ ಅದರೊಳಗೇ ಅಡಕವಾಗಿದೆ.

ದೋಷ ಎಲ್ಲಿದೆಯೆಂಬುದನ್ನು ಮೊದಲು ನಿಶ್ಚಯಿಸಬೇಕು. ಯಂತ್ರವನ್ನು ಹಚ್ಚಿದೊಡನೆ, ಲಿನಕ್ಸ್ ಏಳುವ ಮುನ್ನವೇ, ಎಫ್2 ಅಥವಾ ಡಿಲೀಟ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿರಿ. ಯಂತ್ರದ ಮೂಲ ವ್ಯವಸ್ಥೆಯ ಪುಟ ತೆರೆದರೆ ಕೀಲಿಮಣೆ ಆರೋಗ್ಯವಾಗಿದೆ. ತೆರೆಯದಿದ್ದರೆ ಬಹುಮಟ್ಟಿಗೆ ತಂತಿ, ರಂಧ್ರ ಅಥವಾ ಕೀಲಿಮಣೆಯದೇ ತಪ್ಪು. ಯುಎಸ್‌ಬಿ ತಂತಿಯಾದರೆ ಹಿಂಬದಿಯ ಬೇರೊಂದು ರಂಧ್ರಕ್ಕೆ ನೇರವಾಗಿ ಸೇರಿಸಿ ನೋಡಿ. ದುಂಡು ತುದಿಯ ಹಳೆಯ ಬಗೆಯಾದರೆ ಒಳಗಿನ ಆರು ಸೂಜಿಗಳಲ್ಲಿ ಒಂದು ಬಾಗಿರಬಹುದು. ಯಂತ್ರವನ್ನು ಆರಿಸಿಯೇ ಅದನ್ನು ತೆಗೆದು ಹಾಕಬೇಕು. ನಮ್ಮ ಬೇಸಗೆಯ ಧೂಳು ಯಾವ ರಂಧ್ರವನ್ನೂ ಬಿಡುವುದಿಲ್ಲ. ತಂತಿಯಿಲ್ಲದ್ದಾದರೆ ಸೆಲ್ ಬದಲಿಸಿ.

ಕೀಲಿಮಣೆ ಸರಿಯಿದ್ದೂ ಲಿನಕ್ಸಿನಲ್ಲಿ ಸುಮ್ಮನಿದ್ದರೆ ಒಂದು ವಿಚಿತ್ರ ಕಾರಣವುಂಟು. ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಅದುಮಿ ಹಿಡಿದರೆ ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ‘ನಿಧಾನ ಕೀಲಿ’ಯ ಸೌಲಭ್ಯ ತಾನೇ ಜಾರಿಗೆ ಬರುತ್ತದೆ. ಕೈನಡುಕವುಳ್ಳವರಿಗಾಗಿ ಮಾಡಿದ ಏರ್ಪಾಡು ಅದು. ಬೇಗ ಒತ್ತಿದ ಕೀಲಿಯನ್ನು ಲೆಕ್ಕಿಸದು. ಮತ್ತೆ ಹಾಗೆಯೇ ಎಂಟು ಸೆಕೆಂಡು ಹಿಡಿದರೆ ತೊಲಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ನೆರೆಮನೆಯ ಕೀಲಿಮಣೆಯನ್ನು ಕಡ ತಂದು, ಟರ್ಮಿನಲ್ ಕಿಟಕಿಯಲ್ಲಿ ಎಲ್, ಎಸ್, ಯು, ಎಸ್, ಬಿ ಎಂಬ ಐದು ಸಣ್ಣಕ್ಷರಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಿರಿ. ಯುಎಸ್‌ಬಿಗೆ ಸೇರಿಸಿದ ಸಾಧನಗಳ ಪಟ್ಟಿ ಬರುತ್ತದೆ. ತಮ್ಮ ಕೀಲಿಮಣೆಯನ್ನು ಸೇರಿಸಿದಾಗಲೂ ತೆಗೆದಾಗಲೂ ಪಟ್ಟಿ ಒಂದೇ ಆಗಿದ್ದರೆ ಯಂತ್ರ ಅದನ್ನು ಕಂಡೇ ಇಲ್ಲ. ಹೊಸದನ್ನು ಕೊಳ್ಳುವುದೇ ಲೇಸು.

ದೇವದುರ್ಗದವರೊಬ್ಬರ ತೊಡಕು ಬೇರೆ: ‘ಪ’ ಬರಬೇಕಾದಲ್ಲಿ ‘ಜ’ ಬರುತ್ತದೆ. ಅಲ್ಲಿ ಕೀಲಿಮಣೆ ಕೆಟ್ಟಿಲ್ಲ, ವಿನ್ಯಾಸ ಬೇರೆ. ಅವರ ಯಂತ್ರದಲ್ಲಿರುವುದು ಇನ್‌ಸ್ಕ್ರಿಪ್ಟ್. ಕೈಗೆ ರೂಢಿಯಾದದ್ದು ‘ನುಡಿ’ಯಲ್ಲಿರುವ, ಕೆ. ಪಿ. ರಾವ್ ಅವರ ವಿನ್ಯಾಸ. ಲಿನಕ್ಸಿನ ಕೀಲಿಮಣೆ ಆಯ್ಕೆಗಳಲ್ಲಿ ಕನ್ನಡದಡಿ ‘ಕಗಪ’ ಎಂಬುದನ್ನು ಆರಿಸಿಕೊಂಡರಾಯಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು ಅವು.

ಮಾನ್ವಿಯವರು ಅರ್ಜಿಯನ್ನು ಇಂದೇ ತುಂಬಿಸಲಿ. ತೆರೆಯ ಮೇಲೆಯೇ ಮೂಡುವ ಕೀಲಿಮಣೆಯೊಂದು ಲಿನಕ್ಸಿನಲ್ಲುಂಟು. ಮೌಸಿನಿಂದ ಒಂದೊಂದೇ ಅಕ್ಷರ ಒತ್ತಬಹುದು. ದುರಸ್ತಿ ನಾಳೆಗಿರಲಿ.